ಸರ್ ಎಂವಿ ಅವರ ಪಾಕೆಟ್ ಮನಿ

ನಮ್ಮ ಹೊಳೆಬಾಗಿಲು ಕಡೆ ಹುಡುಗರ ಜೇಬಿಗೆ ಕಾಸು ಬೀಳೋಕೆ ಒಂದು ಸೀಸನ್ ಅಂತ ಇದೆ. ಅಡಿಕೆ ಕೊಯ್ಲು ಶುರುವಾಯ್ತು ಅಂದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಅಂಗಳಗಳಲ್ಲಿ ರಾತ್ರಿ ದೀಪ ಉರೀತಾ ಇರುತ್ತೆ. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋದು, ಡಬ್ಬಕ್ಕೆ ಇಷ್ಟು ಅಂತ ಲೆಕ್ಕ. ದೊಡ್ಡವರ ಸಾಲಿನಲ್ಲೇ ಪಿಯುಸಿ ಓದೋ ಹುಡುಗ ಹುಡುಗಿಯರೂ ಕೂತಿರ್ತಾರೆ. ಬೆಳಗ್ಗೆ ಕ್ಲಾಸಿನಲ್ಲಿ ಪೆನ್ನು ಹಿಡಿದ ಬೆರಳು ನೋಡಿದ್ರೆ ಸಾಕು, ಯಾರು ರಾತ್ರಿ ಸುಲಿಯೋಕೆ ಹೋಗಿದ್ರು ಅಂತ ಚೊಗರಿನ ಕಪ್ಪೇ ಹೇಳುತ್ತೆ. ಕಾಡಿನಲ್ಲಿ ಅಂಟುವಾಳ, ಮುರುಗಲು ಹೆಕ್ಕಿ ಮಾರೋರೂ ಇದ್ದಾರೆ. ಲಾಂಚ್ ಇದ್ದಾಗ ಸಿಗಂದೂರಿಗೆ ಹೋಗೋ ಗಾಡಿಗಳು ದಡದಲ್ಲಿ ಸಾಲುಗಟ್ಟಿ ನಿಲ್ತಿದ್ದವು, ಆ ಕಾಯೋ ಹೊತ್ತನ್ನೇ ನಂಬಿಕೊಂಡು ಪುಟ್ಟ ಅಂಗಡಿಗಳಿದ್ದವು. 2025ರ ಜುಲೈನಲ್ಲಿ ಸೇತುವೆ ಶುರುವಾಯ್ತು, ಗಾಡಿಗಳು ನಿಲ್ಲದೆ ದಾಟಿ ಹೋಗ್ತಿವೆ. ಅಡಿಕೆ ಸುಲಿಯೋಕೂ ಯಂತ್ರ ಬಂದಿದೆ. ಹಾಗೆ ನೋಡಿದ್ರೆ ಆ ದಡವನ್ನು ದಡ ಮಾಡಿದ್ದೇ ಲಿಂಗನಮಕ್ಕಿ ಹಿನ್ನೀರು. ನೀರು ನಿಲ್ಲಿಸಿದ್ದೂ ಇಂಜಿನಿಯರ್‌ಗಳೇ, ಸೇತುವೆ ಕಟ್ಟಿದ್ದೂ ಇಂಜಿನಿಯರ್‌ಗಳೇ.

ಇಂಜಿನಿಯರ್ ಅಂದ ಕೂಡಲೇ ನಮ್ಮ ಕಾಲೇಜಿನ ಗೋಡೆಯ ಮೇಲಿರೋ ಮೈಸೂರು ಪೇಟದ ಫೋಟೋ ನೆನಪಾಗುತ್ತೆ. ಪ್ರತಿ ಸೆಪ್ಟೆಂಬರ್ 15ಕ್ಕೆ ಅದಕ್ಕೊಂದು ಹಾರ, ವಾಟ್ಸಾಪಿನಲ್ಲಿ ಎರಡು ಮೇಣದಬತ್ತಿಯ ಕಥೆ, ಬೀದಿ ದೀಪದ ಕೆಳಗೆ ಓದಿದ ಕಥೆ. ದೀಪದ ಕಥೆ ಎಲ್ಲರಿಗೂ ಬಾಯಿಪಾಠ. ಆದರೆ ಹಗಲು ಹೊತ್ತಿನಲ್ಲಿ ಆ ಹುಡುಗ ಏನು ಮಾಡ್ತಿದ್ದ, ಪುಸ್ತಕಕ್ಕೆ ದುಡ್ಡು ಎಲ್ಲಿಂದ ಬರ್ತಿತ್ತು ಅಂತ ಕೇಳೋರು ಕಡಿಮೆ. ನನಗೆ ಆ ಲೆಕ್ಕವೇ ಹೆಚ್ಚು ಕುತೂಹಲದ್ದು.

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ಮನೆಯಲ್ಲಿ ವಿದ್ಯೆ ಇತ್ತು, ದುಡ್ಡು ಇರಲಿಲ್ಲ. ಮಗನ ಓದು ಮುಗಿಯುವ ಮೊದಲೇ ಅವರು ತೀರಿಕೊಂಡರು. ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕಬಳ್ಳಾಪುರದ ಶಾಲೆ ಆದ ಮೇಲೆ ಹುಡುಗ ಬೆಂಗಳೂರಿಗೆ ಬಂದ, ಅಲ್ಲಿ ಸೋದರಮಾವ ರಾಮಯ್ಯನವರ ಆಸರೆ. ಮುಂದೆ ಸೆಂಟ್ರಲ್ ಕಾಲೇಜು.

ಆಸರೆ ಇತ್ತು ಅಂದ ಮಾತ್ರಕ್ಕೆ ಖರ್ಚು ನಡೆಯೋದಿಲ್ಲ. ಹಾಸ್ಟೆಲಿನಲ್ಲಿ ಇರೋ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಹುಡುಗ ಪಾಠ ಹೇಳೋಕೆ ನಿಂತ. ಬೆಂಗಳೂರಿನಲ್ಲಿದ್ದ ಕೊಡಗಿನ ಅಧಿಕಾರಿಯೊಬ್ಬರ ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್. ವಾಸ ಆ ಮನೆಯಲ್ಲಿ, ಊಟಕ್ಕೆ ಮಾವನ ಮನೆಗೆ ನಡೆದು ಹೋಗಿ ಬರೋದು, ನಡುವೆ ಕಾಲೇಜು. ಬಸ್ಸಿಲ್ಲ, ಸೈಕಲ್ಲಿಲ್ಲ. ಬೆಳಗ್ಗೆ ಸಂಜೆ ಬೇರೆಯವರ ಮಕ್ಕಳ ಪುಸ್ತಕ, ಉಳಿದ ಹೊತ್ತು ತನ್ನ ಪುಸ್ತಕ. 1881ರಲ್ಲಿ ಬಿಎ ಮುಗಿಸಿದ್ದು ಹೀಗೆ. ಆಗ ಸೆಂಟ್ರಲ್ ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು.

ಇಳಿವಯಸ್ಸಿನಲ್ಲಿ ಬರೆದ ನೆನಪಿನ ಪುಸ್ತಕದಲ್ಲಿ ಅವರು ತಮ್ಮ ಹುಡುಗಾಟಿಕೆಯ ದಿನಗಳಿಗೆ ಕೊಟ್ಟಿರುವ ಜಾಗ ಬಹಳ ಸಣ್ಣದು. ಅಣೆಕಟ್ಟು, ಕಾರ್ಖಾನೆ, ಬಜೆಟ್ಟುಗಳ ಮಧ್ಯೆ ಬಡತನದ ಬಗ್ಗೆ ಗೋಳಾಟವೇ ಇಲ್ಲ. ಅವರ ಸಮಯಪಾಲನೆಯ ಬಗ್ಗೆ ನೂರಾರು ಕಥೆ ಇವೆ, ಎಷ್ಟು ನಿಜವೋ ಎಷ್ಟು ಸೇರಿಸಿದ್ದೋ. ನನ್ನ ಊಹೆ ಇಷ್ಟೇ: ಹದಿನೇಳು ಹದಿನೆಂಟನೇ ವಯಸ್ಸಿಗೇ ಗಂಟೆಗಳನ್ನು ಮಾರಿ ಬದುಕಿದವನಿಗೆ ಗಂಟೆಯ ಬೆಲೆ ಗೊತ್ತಿರುತ್ತೆ.

ಅವರು ಹಿಡಿದ ಕೆಲಸದ ಒಂದು ಗುಣವನ್ನೂ ಇಲ್ಲಿ ಹೇಳಬೇಕು. ಅಡಿಕೆ ಸುಲಿದರೆ ಕೈಗೆ ದುಡ್ಡು ಬರುತ್ತೆ, ಪರೀಕ್ಷೆಗೆ ಏನೂ ಬರಲ್ಲ, ಜೊತೆಗೆ ನಿದ್ದೆ ಹೋಗುತ್ತೆ. ಟ್ಯೂಷನ್ ಹಾಗಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ರೂಮ್‌ಮೇಟ್‌ಗೆ ಫ್ಲೂಯಿಡ್ ಮೆಕ್ಯಾನಿಕ್ಸ್ ಹೇಳಿಕೊಟ್ಟು ನೋಡಿ, ನಿಮಗೆ ಎಲ್ಲೆಲ್ಲಿ ಅರ್ಥ ಆಗಿಲ್ಲ ಅನ್ನೋದು ಮೊದಲು ನಿಮಗೇ ಗೊತ್ತಾಗುತ್ತೆ. ಈಗಲೂ ನಮ್ಮ ಕ್ಯಾಂಪಸ್ಸಿನಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಮೊಬೈಲ್ ರೀಚಾರ್ಜು, ಮೆಸ್ ಬಿಲ್ಲು ನೋಡಿಕೊಳ್ಳೋರು ಇದ್ದಾರಲ್ಲ, ಅವರು ಹಿಡಿದಿರೋದು ಸರ್ ಎಂವಿ ಹಿಡಿದ ದಾರಿಯನ್ನೇ.

ಆದರೆ ಆ ದಾರಿ ಎಲ್ಲರಿಗೂ ಸಿಗೋದಿಲ್ಲ, ಇದನ್ನು ಮುಚ್ಚಿಟ್ಟು ಅವರ ಕಥೆ ಹೇಳಬಾರದು. ಪಾಠ ಹೇಳೋಕೆ ಮೊದಲು ಇಂಗ್ಲಿಷ್ ಓದಿರಬೇಕು. ಪೇಟೆಯಲ್ಲಿ ಅನ್ನ ಹಾಕೋ ಮಾವ ಇರಬೇಕು. ಮನೆಯ ಬಾಗಿಲು ತೆರೆದು ಒಳಗೆ ಕರೆಯೋರು ಇರಬೇಕು, ಆ ಕಾಲದಲ್ಲಿ ಯಾವ ಜಾತಿಗೆ ಯಾವ ಬಾಗಿಲು ತೆರೀತಿತ್ತು ಅನ್ನೋದು ನಮಗೆಲ್ಲ ಗೊತ್ತಿದ್ದದ್ದೇ. ಬಡತನ ನಿಜವೇ, ಆದರೆ ಆ ಬಡತನದ ಪಕ್ಕದಲ್ಲೇ ಒಂದು ಏಣಿ ಇತ್ತು.

ಏಣಿಯ ಮುಂದಿನ ಮೆಟ್ಟಿಲು ಸ್ಕಾಲರ್‌ಶಿಪ್. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದಿಂದ ಹುಡುಗ ಪುಣೆಯ ಸೈನ್ಸ್ ಕಾಲೇಜಿಗೆ ಹೋದ. ಟ್ಯೂಷನ್ ಅಲ್ಲಿಗೆ ಮುಗೀತು, ಪೂರ್ತಿ ಹೊತ್ತು ಓದು. 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೇ ಸ್ಥಾನ, ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್. ಬುದ್ಧಿ ಅದೇ, ತಲೆ ಅದೇ. ಸಂಪಾದಿಸೋ ಹೊಣೆ ಇಳಿದ ಮೇಲೆ ಫಲ ಹೇಗೆ ಬಂತು ನೋಡಿ. ಪಾರ್ಟ್ ಟೈಮ್ ಕೆಲಸದಿಂದ ಜೀವನ ಕಲೀತೀವಿ ಅನ್ನೋ ಮಾತು ಸರಿ, ಆದರೆ ಅದನ್ನು ಹೇಳೋರು ಸಾಮಾನ್ಯವಾಗಿ ಫೀಸು ಕಟ್ಟಬೇಕಾದವರಲ್ಲ.

ಆಮೇಲಿನದು ನಿಮಗೆ ಗೊತ್ತಿರೋ ಕಥೆ. ಸಕ್ಕರ್‌ಗೆ ಕುಡಿಯುವ ನೀರು, ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟು, 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿನ ಕೆಲಸ, 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್, ಕನ್ನಂಬಾಡಿ, 1912ರಿಂದ ದಿವಾನಗಿರಿ.

ದಿವಾನರಾದ ಮೇಲೆ ಅವರು ಮಾಡಿದ್ದರಲ್ಲಿ ನಮಗೆ ಸಂಬಂಧಪಟ್ಟದ್ದು ಬಹಳ. 1913ರಲ್ಲಿ ಆಯ್ದ ಪ್ರದೇಶಗಳಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡೋ ಕಾನೂನು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು, ಅಂದರೆ ಈಗಿನ ಯುವಿಸಿಇ. ನಮ್ಮಂಥ ಕನ್ನಡ ಸಂಘದವರು ಮರೆಯಬಾರದ್ದು 1915ರ ಕನ್ನಡ ಸಾಹಿತ್ಯ ಪರಿಷತ್ತು, ಅದೂ ಅವರ ದಿವಾನಗಿರಿಯಲ್ಲೇ ಹುಟ್ಟಿದ್ದು.

ಹೀಗಿದ್ದೂ ಅವರು ಹುದ್ದೆ ಬಿಟ್ಟ ಸಂದರ್ಭ ಸುಲಭದ್ದಲ್ಲ. ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರ, ಹಿಂದುಳಿದ ಸಮುದಾಯಗಳಿಗೆ ಪಾಲು ಸಿಗೋದು ಹೇಗೆ ಅಂತ ನೋಡಲು 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿ ಮಾಡಿದರು. ಕೆಲಸ ಅರ್ಹತೆ ನೋಡಿಯೇ ಕೊಡಬೇಕು ಅನ್ನೋದು ವಿಶ್ವೇಶ್ವರಯ್ಯನವರ ಹಟ. ಅವರು ದಿವಾನಗಿರಿಯಿಂದ ಇಳಿಯೋದಕ್ಕೆ ಈ ಭಿನ್ನಾಭಿಪ್ರಾಯ ದೊಡ್ಡ ಕಾರಣ. ಪಾಠ ಹೇಳಿ, ಸ್ಕಾಲರ್‌ಶಿಪ್ ಪಡೆದು ಮೇಲೆ ಬಂದವರಿಗೆ, ಕಷ್ಟಪಟ್ಟರೆ ಯಾರು ಬೇಕಾದರೂ ಬರಬಹುದು ಅಂತ ಅನ್ನಿಸಿರಬಹುದು. ತಮ್ಮ ಪಕ್ಕದಲ್ಲಿದ್ದ ಏಣಿ ಬೇರೆಯವರ ಪಕ್ಕದಲ್ಲಿ ಇರಲಿಲ್ಲ ಅನ್ನೋದು ಅವರಿಗೆ ಪೂರ್ತಿ ಕಾಣಲಿಲ್ಲ ಅಂತ ನನಗನ್ನಿಸುತ್ತೆ. ನಮ್ಮ ಕ್ಯಾಂಟೀನಿನಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ.

ದಿವಾನಗಿರಿ ಬಿಟ್ಟ ಕೆಲವು ವರ್ಷಗಳ ನಂತರ ಅವರು ನಮ್ಮ ಜಿಲ್ಲೆಗೇ ಬಂದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತ್ತು, ನಷ್ಟದಲ್ಲಿ ಒದ್ದಾಡ್ತಿತ್ತು. ಮಲೆನಾಡಿನ ಕಾಡಿನ ಮರದ ಇದ್ದಿಲು, ಕೆಮ್ಮಣ್ಣುಗುಂಡಿಯ ಅದಿರು. ಅದರ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡು 1929ರ ತನಕ ಅದನ್ನು ದಾರಿಗೆ ತರೋ ಕೆಲಸ ಮಾಡಿದರು. ಇಲ್ಲಿ ಮತ್ತೆ ದುಡ್ಡಿನ ಲೆಕ್ಕ ಬರುತ್ತೆ. ಆ ಸೇವೆಗೆ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸುಬು ಕಲಿಸೋ ಒಂದು ಸಂಸ್ಥೆ ಮಾಡಿ, ಅದಕ್ಕೆ ಈ ಹಣ ಹಾಕಿ ಅಂತ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಸಂಸ್ಥೆಗೆ ತಮ್ಮ ಹೆಸರು ಬೇಡ ಅಂದರು, ಮಹಾರಾಜರ ಹೆಸರು ಬಂತು.

ಹಾಗೆ 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ನಮ್ಮ ಡಿಪ್ಲೊಮಾ ಗೆಳೆಯರ ಬಾಯಲ್ಲಿ ಎಸ್‌ಜೆಪಿ. ದೊಡ್ಡ ಡಿಗ್ರಿಗಾಗಿ ವರ್ಷಗಟ್ಟಲೆ ಕಾಯದೆ, ಬೇಗ ಒಂದು ಕೆಲಸ ಕಲಿತು ದುಡಿಯೋಕೆ ಹೊರಡಬೇಕಾದ ಹುಡುಗರಿಗಾಗಿ ಮಾಡಿದ್ದು ಅದು. ಮಾಮೂಲಿ ಕಸುಬುಗಳ ಜೊತೆಗೆ ಅಲ್ಲಿ ಸಿನಿಮಾ ಛಾಯಾಗ್ರಹಣವನ್ನೂ ಕಲಿಸ್ತಿದ್ರು. ಮೊದಮೊದಲ ತಂಡಗಳಲ್ಲಿ ಅಲ್ಲಿ ಕ್ಯಾಮೆರಾ ಹಿಡಿಯೋಕೆ ಕಲಿತ ಮೈಸೂರಿನ ಹುಡುಗನೊಬ್ಬ 1946ರಲ್ಲಿ ಡಿಪ್ಲೊಮಾ ಮುಗಿಸಿ ಮುಂಬಯಿ ಸೇರಿದ. ಅವರೇ ವಿ.ಕೆ. ಮೂರ್ತಿ, ಗುರುದತ್ತರ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಸಿನಿಮಾಗಳ ಆ ನೆರಳು ಬೆಳಕು ಅವರದ್ದೇ.