ತರುಣ ಸುಭಾಷರ ನಿರ್ಧಾರ

ಇಂದಿನ ಒಡಿಶಾ ರಾಜ್ಯದ ಕಟಕ್ ನಗರದಲ್ಲಿ ಜಾನಕೀನಾಥ ಬೋಸರೆಂಬ ಹೆಸರಾಂತ ವಕೀಲರಿದ್ದರು. ಅವರಿಗೂ ಪ್ರಭಾವತಿದೇವಿಯವರಿಗೂ ಹದಿನಾಲ್ವರು ಮಕ್ಕಳು. ಅವರಲ್ಲಿ ಒಂಬತ್ತನೆಯವರಾಗಿ ಸುಭಾಷಚಂದ್ರರು 1897ನೆಯ ಇಸವಿ ಜನವರಿ 23ರಂದು ಜನಿಸಿದರು. ಹದಿನೈದರ ವಯಸ್ಸಿನಲ್ಲಿ ಅವರಿಗೆ ಸ್ವಾಮಿ ವಿವೇಕಾನಂದರ ಗ್ರಂಥಗಳು ದೊರೆತವು. ಮನುಷ್ಯಸೇವೆಯಿಲ್ಲದೆ ಆತ್ಮೋನ್ನತಿಯಿಲ್ಲವೆಂಬ ಭಾವನೆ ಆ ಎಳೆಯ ಮನಸ್ಸಿನಲ್ಲಿ ಬೇರೂರಿತು. 1913ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಗಳಿಸಿ, ಅವರು ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು.

1916ರಲ್ಲಿ ಆ ಕಾಲೇಜಿನಲ್ಲಿ ಒಂದು ಪ್ರಕರಣ ನಡೆಯಿತು. ಓಟನ್ ಎಂಬ ಆಂಗ್ಲ ಪ್ರಾಧ್ಯಾಪಕರು ಭಾರತೀಯ ವಿದ್ಯಾರ್ಥಿಗಳೊಡನೆ ಒರಟಾಗಿ ವರ್ತಿಸಿದರೆಂದು ವಿದ್ಯಾರ್ಥಿಗಳು ಕೆರಳಿದರು. ತರಗತಿಯ ಪ್ರತಿನಿಧಿಯಾಗಿದ್ದ ಸುಭಾಷರು ಮುಷ್ಕರದಲ್ಲಿ ಮುಂದೆ ನಿಂತರು. ಕೆಲವು ದಿನಗಳ ತರುವಾಯ ವಿದ್ಯಾರ್ಥಿಗಳು ಆ ಪ್ರಾಧ್ಯಾಪಕರ ಮೇಲೆ ಕೈಮಾಡಿದರು. ವಿಚಾರಣಾ ಸಮಿತಿಯ ಮುಂದೆ ಸುಭಾಷರು ಹಲ್ಲೆಯನ್ನು ಸಮರ್ಥಿಸಲಿಲ್ಲ. ಆದರೆ ವಿದ್ಯಾರ್ಥಿಗಳನ್ನು ರೇಗಿಸಿದ ಕಾರಣಗಳನ್ನು ಮರೆಮಾಚಲೂ ಇಲ್ಲ. ತಮ್ಮವರನ್ನು ನಿರಾಕರಿಸಿ ಪಾರಾಗುವುದು ಅವರಿಗೆ ಒಗ್ಗದ ಮಾತಾಗಿತ್ತು. ಪರಿಣಾಮವಾಗಿ ಅವರನ್ನು ಕಾಲೇಜಿನಿಂದ ಹೊರಹಾಕಲಾಯಿತು. ವಿದ್ಯಾಭ್ಯಾಸ ಒಂದು ವರ್ಷಕ್ಕೂ ಮಿಗಿಲಾಗಿ ನಿಂತುಹೋಯಿತು. ನಾಯಕತ್ವವೆಂದರೇನು, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದರ ಮೊದಲ ಅನುಭವ ಅವರಿಗೆ ಆದದ್ದು ಆಗಲೇ.

1917ರಲ್ಲಿ ಸ್ಕಾಟಿಷ್ ಚರ್ಚ್ ಕಾಲೇಜನ್ನು ಸೇರಿದ ಸುಭಾಷರು 1919ರಲ್ಲಿ ತತ್ತ್ವಶಾಸ್ತ್ರದಲ್ಲಿ ಪ್ರಥಮ ದರ್ಜೆಯ ಪದವೀಧರರಾದರು. ಮಗನು ಐ.ಸಿ.ಎಸ್. ಅಧಿಕಾರಿಯಾಗಬೇಕೆಂಬುದು ತಂದೆಯ ಹಂಬಲ. ಅದರಂತೆ ಸುಭಾಷರು ಅದೇ ವರ್ಷ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಓದಲು ದೊರೆತದ್ದು ಕೇವಲ ಎಂಟು ತಿಂಗಳು. ಆದರೂ 1920ರ ಪರೀಕ್ಷೆಯಲ್ಲಿ ಅವರು ನಾಲ್ಕನೆಯ ಸ್ಥಾನ ಪಡೆದರು.

ಮನೆಮಂದಿಗೆಲ್ಲ ಹಿಗ್ಗಾಯಿತು, ಸುಭಾಷರಿಗೆ ಮಾತ್ರ ಚಿಂತೆ ಹತ್ತಿತು. ಅಣ್ಣ ಶರಚ್ಚಂದ್ರರಿಗೆ ಅವರು ಪತ್ರದ ಮೇಲೆ ಪತ್ರ ಬರೆದು ತಮ್ಮ ತುಮುಲವನ್ನು ತೋಡಿಕೊಂಡರು. ಕೈತುಂಬ ಸಂಬಳ, ಅಧಿಕಾರ, ಮರ್ಯಾದೆ ಇವೆಲ್ಲವೂ ಆ ಹುದ್ದೆಯಲ್ಲಿದ್ದವು. ಆದರೆ ಪರಕೀಯ ಪ್ರಭುತ್ವಕ್ಕೆ ನಿಷ್ಠೆಯ ಪ್ರತಿಜ್ಞೆ ಮಾಡಿದವನು ಅದೇ ಪ್ರಭುತ್ವದಿಂದ ದೇಶವನ್ನು ಬಿಡಿಸಲು ಹೋರಾಡುವುದೆಂತು? ಸ್ವರಾಜ್ಯವು ಹತ್ತು ವರ್ಷಗಳಲ್ಲಿ ತಾನಾಗಿಯೇ ಬಂದೀತು, ಅಲ್ಲಿಯವರೆಗೆ ಸ್ವಾಭಿಮಾನಿಯಾದವನೂ ಸೇವೆಯಲ್ಲಿ ಬಾಳಬಹುದು ಎಂಬುದು ತಂದೆಯ ವಾದ. ತ್ಯಾಗದ ಬೆಲೆ ತೆರದೆ ಸ್ವರಾಜ್ಯ ದೊರೆಯದೆಂಬುದು ಮಗನ ಉತ್ತರ. ತಂದೆಯ ಮನಸ್ಸನ್ನು ನೋಯಿಸುವೆನೆಂಬ ಸಂಕಟ ಅವರನ್ನು ತಿಂಗಳುಗಟ್ಟಲೆ ಕಾಡಿತು. ಆದರೂ 1921ರ ಫೆಬ್ರವರಿಯಲ್ಲಿ ಅವರು ಬಂಗಾಳದ ಧುರೀಣರಾದ ಚಿತ್ತರಂಜನ ದಾಸರಿಗೆ ಪತ್ರ ಬರೆದು, ರಾಷ್ಟ್ರಕಾರ್ಯದಲ್ಲಿ ತಮಗೊಪ್ಪುವ ಕೆಲಸವನ್ನು ಕೊಡಬೇಕೆಂದು ಕೋರಿದರು. ಏಪ್ರಿಲ್ 22ರಂದು ರಾಜೀನಾಮೆಯನ್ನು ಸಲ್ಲಿಸಿದರು. ತಾಯಿಯು ಗಾಂಧೀಜಿಯವರ ಆದರ್ಶವೇ ತಮಗೆ ಮೆಚ್ಚುಗೆಯೆಂದು ತಿಳಿಸಿದ್ದು ಅವರಿಗೆ ಬಹುದೊಡ್ಡ ಸಮಾಧಾನವನ್ನು ತಂದಿತು.

ಅದೇ ವರ್ಷ ಜುಲೈ 16ರಂದು ಸುಭಾಷರು ಮುಂಬಯಿಯಲ್ಲಿ ಹಡಗಿನಿಂದಿಳಿದರು. ಅಂದೇ ಅಪರಾಹ್ನ ಗಾಂಧೀಜಿಯವರನ್ನು ಕಂಡರು. ತರುವಾಯ ಕಲ್ಕತ್ತೆಗೆ ಹೋಗಿ ದಾಸರ ಅನುಯಾಯಿಗಳಾದರು. ವರ್ಷ ಮುಗಿಯುವ ಮೊದಲೇ ಸೆರೆಮನೆಯ ಬಾಗಿಲು ಅವರಿಗಾಗಿ ತೆರೆಯಿತು. 1938ರಲ್ಲಿ ಹರಿಪುರ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠವೂ, 1943ರಲ್ಲಿ ಆಜಾದ್ ಹಿಂದ್ ಫೌಜಿನ ನೇತೃತ್ವವೂ ಅವರಿಗೆ ಒಲಿದು ಬಂದವು. ಜನರು ಅವರನ್ನು ನೇತಾಜಿ ಎಂದು ಕರೆದರು. ಆದರೆ ಇಪ್ಪತ್ನಾಲ್ಕರ ಹರೆಯದ ಆ ವಿದ್ಯಾರ್ಥಿಯು ಕೇಂಬ್ರಿಜ್ಜಿನಲ್ಲಿ ಬಯಸಿದ್ದು ಪದವಿಯನ್ನಲ್ಲ, ಹೊಣೆಯನ್ನು. ಆಳುವ ಅಧಿಕಾರವನ್ನು ಬಿಟ್ಟುಕೊಟ್ಟ ಮೇಲೆಯೇ ಅವರು ನಾಯಕರಾದರು.