ಎಲ್ಲರಿಗೂ ಒಂದೇ ಥರ ಕೊಟ್ಟರೆ ಅಸಮಾನತೆ ಹೋಗುತ್ತಾ? ನಾಲ್ವಡಿ ಕೃಷ್ಣರಾಜ ಒಡೆಯರ್ ಬದುಕಿನಲ್ಲಿದೆ ಉತ್ತರ

ಮೀಸಲಾತಿಯ ವಿಚಾರ ಬಂದಾಗಲೆಲ್ಲ ವಾಟ್ಸಾಪ್ ಗುಂಪುಗಳಲ್ಲಿ ಎರಡು ಮಾತು ಓಡಾಡುತ್ತವೆ. ಒಂದು, ಮೀಸಲಾತಿ ಶುರುವಾಗಿದ್ದೇ 1950ರಲ್ಲಿ, ಸಂವಿಧಾನ ಬಂದ ಮೇಲೆ. ಇನ್ನೊಂದು, ಎಲ್ಲರಿಗೂ ಒಂದೇ ಥರ ಕೊಟ್ಟುಬಿಟ್ಟರೆ ಅಸಮಾನತೆ ತಾನಾಗಿಯೇ ಹೋಗುತ್ತದೆ. ಎರಡೂ ಸರಿಯಲ್ಲ. ಯಾಕೆಂದು ತಿಳಿಯಲು ಮೈಸೂರಿನ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಬದುಕನ್ನು ನೋಡೋಣ. ಅದಕ್ಕೂ ಮೊದಲು ಸ್ವಲ್ಪ ಗಣಿತ.

ಗಣಿತ ಏನು ಹೇಳುತ್ತದೆ?

2 < 6, ಅಂದರೆ ಎರಡು ಆರಕ್ಕಿಂತ ಕಡಿಮೆ. ಗಣಿತದಲ್ಲಿ ಇದನ್ನು ಅಸಮತೆ ಎನ್ನುತ್ತೇವೆ. ಯಾವುದು ಹೆಚ್ಚು, ಯಾವುದು ಕಡಿಮೆ ಎಂದಷ್ಟೇ ಇದು ಹೇಳುತ್ತದೆ. ಮೇಲು ಕೀಳಿನ ಮಾತು ಇಲ್ಲಿಲ್ಲ. ಈಗ ಎರಡೂ ಕಡೆ 3 ಸೇರಿಸೋಣ: 5 < 9. ಅಂತರ ಮೊದಲೂ 4, ಈಗಲೂ 4. ಸೇರಿಸುವ ಬದಲು ಎರಡೂ ಕಡೆ 2ರಿಂದ ಗುಣಿಸಿದರೆ 4 < 12. ಅಂತರ 8ಕ್ಕೇರಿತು! ಇಬ್ಬರಿಗೂ ಒಂದೇ ಥರ ಕೊಟ್ಟರೂ ಹಿಂದಿದ್ದವರು ಹಿಂದೆಯೇ ಉಳಿದರು.

ಹತ್ತನೇ ವಯಸ್ಸಿಗೆ ಪಟ್ಟ

ನಾಲ್ವಡಿಯವರು ಹುಟ್ಟಿದ್ದು 1884ರ ಜೂನ್ 4ರಂದು. 1894ರ ಡಿಸೆಂಬರ್‌ನಲ್ಲಿ ತಂದೆ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ತೀರಿಕೊಂಡರು. ಹತ್ತು ವರ್ಷದ ಬಾಲಕ ದೊರೆಯಾದರು. 1902ರಲ್ಲಿ ಪೂರ್ಣ ಅಧಿಕಾರ ಸಿಗುವವರೆಗೆ ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜ್ಯಭಾರ ನೋಡಿಕೊಂಡರು.

ಹುಟ್ಟಿನಿಂದಲೇ ಎಲ್ಲರಿಗಿಂತ ಮೇಲೆ ಕೂತವರು ಅವರು. ಆದರೂ ಅವರ ಆಳ್ವಿಕೆಯಲ್ಲಿ 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ಶಾಲೆ ತೆರೆದಷ್ಟಕ್ಕೆ ಸರ್ಕಾರಿ ಕಚೇರಿಗಳ ಚಿತ್ರ ಬದಲಾಗಲಿಲ್ಲ. ಇಂಗ್ಲಿಷ್ ವಿದ್ಯೆಯನ್ನು ಮೊದಲೇ ಪಡೆದಿದ್ದ ಬ್ರಾಹ್ಮಣ ಸಮುದಾಯದವರು ಜನಸಂಖ್ಯೆಯಲ್ಲಿ ಸಣ್ಣ ಪಾಲಿದ್ದರೂ, ದೊಡ್ಡ ಹುದ್ದೆಗಳಲ್ಲಿ ಬಹುಪಾಲು ಅವರೇ ಇದ್ದರು.

ಅರ್ಧಕ್ಕಿಂತ ಕಡಿಮೆ ಇರಬಾರದು

ಇದನ್ನು ಪ್ರಜಾಮಿತ್ರ ಮಂಡಳಿಯ ಮುಖಂಡರು ಮಹಾರಾಜರ ಮುಂದಿಟ್ಟರು. 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಈ ನಡೆಯನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಅದೇ ವರ್ಷದ ಕೊನೆಗೆ ಹುದ್ದೆ ಬಿಟ್ಟರು. ಅಂಥ ಸಮರ್ಥ ದಿವಾನರು ಹೊರಟಾಗಲೂ ಮಹಾರಾಜರು ಹಿಂದೆ ಸರಿಯಲಿಲ್ಲ.

ಸಮಿತಿಯ ಶಿಫಾರಸು ಹೀಗಿತ್ತು: ಏಳು ವರ್ಷದೊಳಗೆ ಬ್ರಾಹ್ಮಣೇತರರ ಪಾಲು ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕಿಂತ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಭಾಗಕ್ಕಿಂತ ಕಡಿಮೆ ಇರಬಾರದು. ಗಣಿತದಲ್ಲಿ ಬರೆದರೆ ≥ 1/2 ಮತ್ತು ≥ 2/3. ಸಮಾಜದ ಅಸಮಾನತೆ ತಗ್ಗಿಸಲು ಗಣಿತದ ಅಸಮತೆಯೇ ಬೇಕಾಯಿತು! 1921ರಲ್ಲಿ ಸರ್ಕಾರಿ ಆದೇಶ ಹೊರಬಿತ್ತು. ಸಂವಿಧಾನಕ್ಕಿಂತ ಸುಮಾರು ಮೂರು ದಶಕ ಮೊದಲೇ.

ಹಾಗೆಂದು ಮೈಸೂರೇ ದೇಶದಲ್ಲಿ ಮೊದಲು ಎನ್ನುವ ಫಾರ್ವರ್ಡ್ ಕೂಡ ತಪ್ಪು. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1902ರಲ್ಲೇ ಅರ್ಧದಷ್ಟು ಹುದ್ದೆಗಳನ್ನು ಹಿಂದುಳಿದವರಿಗೆ ಮೀಸಲಿಟ್ಟಿದ್ದರು.

ಚಿಹ್ನೆ ಒಂದೇ, ಕೆಲಸ ಎರಡು

ಮಾರತ್ತಹಳ್ಳಿಯ ಪಿಜಿಗಳಲ್ಲಿದ್ದುಕೊಂಡು ಸಾಫ್ಟ್‌ವೇರ್ ಕೋರ್ಸ್ ಮಾಡುವವರಿಗೆ ≥ ಚೆನ್ನಾಗಿ ಗೊತ್ತು. ಹತ್ತನೇ ತರಗತಿಯಿಂದ ಡಿಗ್ರಿವರೆಗೆ ಶೇ. 60ಕ್ಕಿಂತ ಕಡಿಮೆ ಇರಬಾರದು ಎಂದು ಕೆಲಸದ ಜಾಹೀರಾತು ಹೇಳುತ್ತದೆ. ಅಲ್ಲಿ ಈ ಚಿಹ್ನೆ ಬಾಗಿಲು ಹಾಕುತ್ತದೆ, 1921ರ ಆದೇಶದಲ್ಲಿ ಬಾಗಿಲು ತೆರೆಯಿತು. ಚಿಹ್ನೆಗೆ ಪಕ್ಷವಿಲ್ಲ, ಅದನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸುವವರು ಮನುಷ್ಯರು.

ಮಿಲ್ಲರ್ ಸೂತ್ರಕ್ಕೂ ಮಿತಿಯಿತ್ತು. ಭೂಮಿಯಿದ್ದ ಸಮುದಾಯಗಳೂ ಏನೂ ಇಲ್ಲದ ಸಮುದಾಯಗಳೂ ಒಂದೇ ಗುಂಪಿಗೆ ಸೇರಿದವು. ಅರ್ಹ ದಲಿತ ಅಭ್ಯರ್ಥಿಗಳಿದ್ದರೆ ಆದ್ಯತೆ ಕೊಡಿ ಎಂದು ಸಮಿತಿ ಹೇಳಿತ್ತಾದರೂ, ಓದಿಗೇ ದಾರಿಯಿಲ್ಲದವರಲ್ಲಿ ಅರ್ಹತೆ ಪಡೆದವರು ಎಷ್ಟು ಮಂದಿ ಸಿಕ್ಕಾರು? ಗುಂಪಿನ ಒಳಗಿನ ಅಂತರದ ಪ್ರಶ್ನೆ ಒಳಮೀಸಲಾತಿ ಚರ್ಚೆಯಾಗಿ ಇಂದಿಗೂ ನಮ್ಮ ಮುಂದಿದೆ.

ನಾಲ್ವಡಿಯವರು 1940ರ ಆಗಸ್ಟ್ 3ರಂದು ನಿಧನರಾದರು. ಅವರು ಅಸಮಾನತೆಯನ್ನು ಅಳಿಸಿಬಿಟ್ಟರು ಎಂದು ಬರೆದರೆ ಅದೂ ಇನ್ನೊಂದು ಫಾರ್ವರ್ಡ್ ಆಗುತ್ತದೆ. ಆದರೆ ಹಿಂದೆ ಉಳಿದವರಿಗೆ ಹೆಚ್ಚು ಕೊಡದೆ ಅಂತರ ಕಡಿಮೆಯಾಗದು ಎಂಬ ಲೆಕ್ಕವನ್ನು, ಆ ಅಂತರದಿಂದ ಅತಿ ಹೆಚ್ಚು ಲಾಭ ಪಡೆದಿದ್ದ ಅರಮನೆಯೊಳಗಿಂದಲೇ ಅವರು ಜಾರಿಗೆ ತಂದರು.