ಜಾನ್ ಟಿಂಡಾಲ್

ಜಾನ್ ಟಿಂಡಾಲ್ (2 ಆಗಸ್ಟ್ 1820 – 4 ಡಿಸೆಂಬರ್ 1893) ಐರ್ಲೆಂಡಿನಲ್ಲಿ ಜನಿಸಿದ ಭೌತವಿಜ್ಞಾನಿ ಹಾಗೂ ಪರ್ವತಾರೋಹಿ. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸುವ ವಿದ್ಯಮಾನದ ಅಧ್ಯಯನಕ್ಕಾಗಿ ಇವರು ಪ್ರಸಿದ್ಧರು. ಈ ವಿದ್ಯಮಾನಕ್ಕೆ ಟಿಂಡಾಲ್ ಪರಿಣಾಮ ಎಂದು ಹೆಸರು. ಇಂದು ಕಟ್ಟಡಗಳಲ್ಲಿ ಅಳವಡಿಸುವ ದ್ಯುತಿವಿದ್ಯುತ್ ಹೊಗೆ ಪತ್ತೆಕಾರಿಗಳು ಇದೇ ತತ್ತ್ವದ ಮೇಲೆ ಕಾರ್ಯನಿರ್ವಹಿಸುತ್ತವೆ.

ಜನನ ಮತ್ತು ವಿದ್ಯಾಭ್ಯಾಸ

ಟಿಂಡಾಲರು ಕಾರ್ಲೋ ಕೌಂಟಿಯ ಲೇಲಿನ್‌ಬ್ರಿಡ್ಜ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಪೊಲೀಸ್ ಪೇದೆಯಾಗಿದ್ದರು. 1839ರಲ್ಲಿ ಐರ್ಲೆಂಡಿನ ಭೂಮಾಪನ ಇಲಾಖೆಯನ್ನು ಸೇರಿದ ಟಿಂಡಾಲರನ್ನು 1842ರಲ್ಲಿ ಇಂಗ್ಲೆಂಡಿಗೆ ವರ್ಗಾಯಿಸಲಾಯಿತು. ನೌಕರರ ಸ್ಥಿತಿಗತಿಯ ವಿರುದ್ಧ ಪ್ರತಿಭಟಿಸಿದ ಕಾರಣ ಮರುವರ್ಷವೇ ಕೆಲಸ ಕಳೆದುಕೊಂಡರು. ಅನಂತರ ರೈಲುಮಾರ್ಗಗಳ ಸರ್ವೇಕ್ಷಣೆಯಲ್ಲಿ ದುಡಿದು, 1847ರಲ್ಲಿ ಹ್ಯಾಂಪ್‌ಶೈರಿನ ಕ್ವೀನ್‌ವುಡ್ ಕಾಲೇಜಿನಲ್ಲಿ ಶಿಕ್ಷಕರಾದರು. 1848ರಲ್ಲಿ ಜರ್ಮನಿಯ ಮಾರ್ಬರ್ಗ್ ವಿಶ್ವವಿದ್ಯಾಲಯಕ್ಕೆ ತೆರಳಿ, ರಾಬರ್ಟ್ ಬುನ್ಸೆನ್ ಮುಂತಾದವರಲ್ಲಿ ವ್ಯಾಸಂಗ ಮಾಡಿ 1850ರಲ್ಲಿ ಡಾಕ್ಟರೇಟ್ ಪದವಿ ಪಡೆದರು.

ರಾಯಲ್ ಇನ್‌ಸ್ಟಿಟ್ಯೂಷನ್

1853ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಾಧ್ಯಾಪಕರಾಗಿ ನೇಮಕಗೊಂಡ ಟಿಂಡಾಲರು 1887ರವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದರು. ಮೈಕೆಲ್ ಫ್ಯಾರಡೆ ಅಲ್ಲಿ ಅವರ ಹಿರಿಯ ಸಹೋದ್ಯೋಗಿಯಾಗಿದ್ದರು. ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಶಾಖವಿಕಿರಣವನ್ನು ಹೀರಿಕೊಳ್ಳುತ್ತವೆ ಎಂಬುದನ್ನು 1859ರಿಂದ ನಡೆಸಿದ ಪ್ರಯೋಗಗಳಲ್ಲಿ ಅಳತೆ ಮಾಡಿ ತೋರಿಸಿದರು. ಆಲ್ಪ್ಸ್ ಪರ್ವತಗಳಲ್ಲಿ ಹಿಮನದಿಗಳನ್ನು ಅಧ್ಯಯನ ಮಾಡಿದ ಅವರು 1861ರಲ್ಲಿ ವೈಸ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿದ ತಂಡದ ನೇತೃತ್ವ ವಹಿಸಿದ್ದರು.

ಧೂಳು, ಹೊಗೆ ಮತ್ತು ಬೆಳಕು

1860ರ ದಶಕದ ಕೊನೆಯಲ್ಲಿ ಟಿಂಡಾಲರು ಕತ್ತಲೆ ಕೋಣೆಯಲ್ಲಿ ಪ್ರಖರವಾದ ಬೆಳಕಿನ ಕಿರಣಪುಂಜವನ್ನು ಹಾಯಿಸಿ ಗಾಳಿಯನ್ನು ಪರೀಕ್ಷಿಸತೊಡಗಿದರು. ಕಿರಣದ ಹಾದಿ ಕಣ್ಣಿಗೆ ಕಾಣುವುದು ಅದರಲ್ಲಿ ತೇಲುವ ಕಣಗಳು ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚದುರಿಸುವುದರಿಂದ. ಕಿರಣದ ಕೆಳಗೆ ದೀಪದ ಜ್ವಾಲೆಯನ್ನು ಹಿಡಿದಾಗ ಕಪ್ಪು ಹೊಗೆಯಂಥ ಸುರುಳಿಗಳು ಮೇಲೇಳುತ್ತಿದ್ದವು. ಅದು ಹೊಗೆಯಾಗಿರದೆ, ಕಣಗಳಿಲ್ಲದ ಶುದ್ಧ ಗಾಳಿಯಾಗಿತ್ತು. ಚದುರಿಸುವ ಕಣಗಳಿಲ್ಲದ ಕಾರಣ ಅಲ್ಲಿ ಬೆಳಕು ಕಾಣುತ್ತಿರಲಿಲ್ಲ. ಫ್ಯಾರಡೆ ಇದಕ್ಕೂ ಮೊದಲು, 1857ರಲ್ಲಿ, ಚಿನ್ನದ ಕಲಿಲ ದ್ರಾವಣಗಳಲ್ಲಿ ಇಂತಹುದೇ ಚದುರುವಿಕೆಯನ್ನು ಗಮನಿಸಿದ್ದರು.

ಹತ್ತಿಯ ಪದರದ ಮೂಲಕ ಸೋಸಿದ ಗಾಳಿಯಲ್ಲಿ ಕಣಗಳಿರುವುದಿಲ್ಲ ಎಂಬ ತಿಳಿವಳಿಕೆಯನ್ನು ಟಿಂಡಾಲರು ಅಗ್ನಿಶಾಮಕರ ರಕ್ಷಣೆಗೆ ಬಳಸಿದರು. ಬೆಂಕಿಯ ಅವಘಡಗಳಲ್ಲಿ ಜ್ವಾಲೆ ತಲುಪುವ ಮೊದಲೇ ಹೊಗೆಯು ಉಸಿರುಗಟ್ಟಿಸುತ್ತದೆ. ಒಣಹತ್ತಿ ಮಾತ್ರ ದಟ್ಟ ಹೊಗೆಯನ್ನು ತಡೆಯಲು ಸಾಲದೆಂದು ಕಂಡು ಅದನ್ನು ಗ್ಲಿಸರಿನ್‌ನಿಂದ ತೇವಗೊಳಿಸಿದರು. ಕಣ್ಣು ಗಂಟಲುಗಳನ್ನು ಉರಿಸುವ ಆವಿಗಳನ್ನು ಹೀರಲು ಇದ್ದಿಲಿನ ಚೂರುಗಳನ್ನು ಸೇರಿಸಿದರು. ಲಂಡನ್ ಅಗ್ನಿಶಾಮಕ ದಳದ ಮುಖ್ಯಸ್ಥ ಕ್ಯಾಪ್ಟನ್ ಶಾ ಅವರ ಸಹಕಾರದಿಂದ ನಡೆದ ಪರೀಕ್ಷೆಗಳಲ್ಲಿ, ಈ ಮುಖವಾಡ ಧರಿಸಿದವರು ಬರಿಮುಖದಲ್ಲಿ ಕ್ಷಣಕಾಲವೂ ನಿಲ್ಲಲಾಗದ ಹೊಗೆಯಲ್ಲಿ ಬಹಳ ಹೊತ್ತು ಇರಬಲ್ಲವರಾದರು. ಆದರೆ ಇದ್ದಿಲು ಕಾರ್ಬನ್ ಮಾನಾಕ್ಸೈಡನ್ನು ತಡೆಯಲಾರದು. ಆಮ್ಲಜನಕದ ಕೊರತೆಯನ್ನೂ ನೀಗಿಸಲಾರದು.

ಹೊಗೆ ಪತ್ತೆಕಾರಿಗಳಲ್ಲಿ ಟಿಂಡಾಲ್ ಪರಿಣಾಮ

ಟಿಂಡಾಲರು ಯಾವುದೇ ಎಚ್ಚರಿಕೆ ಗಂಟೆಯನ್ನು ರೂಪಿಸಲಿಲ್ಲ. ಆದರೆ ಅವರ ಕತ್ತಲೆ ಕೋಣೆಯ ಪ್ರಯೋಗವೇ ಇಂದಿನ ದ್ಯುತಿವಿದ್ಯುತ್ ಪತ್ತೆಕಾರಿಯೊಳಗೆ ಚಿಕ್ಕದಾಗಿ ನಡೆಯುತ್ತದೆ. ಅದರ ಕಪ್ಪು ಕೋಶದಲ್ಲಿ ಒಂದು ಎಲ್‌ಇಡಿ ಮತ್ತು ಒಂದು ಬೆಳಕಿನ ಸಂವೇದಕ ಪರಸ್ಪರ ನೇರವಾಗಿರದಂತೆ ಕೋನದಲ್ಲಿ ಇರುತ್ತವೆ. ಸಾಮಾನ್ಯ ಸ್ಥಿತಿಯಲ್ಲಿ ಬೆಳಕು ಸಂವೇದಕವನ್ನು ಮುಟ್ಟುವುದಿಲ್ಲ. ಹೊಗೆ ಒಳನುಗ್ಗಿದಾಗ ಕಣಗಳು ಬೆಳಕನ್ನು ಸಂವೇದಕದತ್ತ ಚದುರಿಸಿ ಗಂಟೆ ಮೊಳಗುತ್ತದೆ. ಧೂಳು ಮತ್ತು ಹಬೆ ಕೂಡ ಬೆಳಕನ್ನು ಚದುರಿಸುವುದರಿಂದ, ಅಡುಗೆ ಒಲೆ ಹಾಗೂ ಸ್ನಾನಗೃಹಗಳ ಸಮೀಪದಲ್ಲಿ ಇವನ್ನು ಅಳವಡಿಸಿದರೆ ಸುಳ್ಳು ಎಚ್ಚರಿಕೆಗಳು ಹೆಚ್ಚುತ್ತವೆ.

ಬಿಸಿ ಹೊಗೆ ಮೇಲೇರುವ ಕಾರಣ ಪತ್ತೆಕಾರಿಯನ್ನು ಸಾಮಾನ್ಯವಾಗಿ ಚಾವಣಿಗೆ ಜೋಡಿಸಲಾಗುತ್ತದೆ. ಗಾಳಿ ಚಲಿಸದ ಮೂಲೆಗಳನ್ನು ಬಿಡಲಾಗುತ್ತದೆ. ಮನೆಗಳಲ್ಲಿ ವಿದ್ಯುತ್ ಪೂರೈಸುವ ಎರಡು ತಂತಿಗಳ ಜೊತೆಗೆ ಮೂರನೆಯ ತಂತಿಯೊಂದು ಪತ್ತೆಕಾರಿಗಳನ್ನು ಪರಸ್ಪರ ಬೆಸೆದರೆ, ಒಂದು ಹೊಗೆ ಕಂಡಾಗ ಎಲ್ಲವೂ ಮೊಳಗುತ್ತವೆ. ದೊಡ್ಡ ಕಟ್ಟಡಗಳ ಸಾಂಪ್ರದಾಯಿಕ ವ್ಯವಸ್ಥೆಯಲ್ಲಿ ನಿಯಂತ್ರಣ ಫಲಕದಿಂದ ಹೊರಟ ಜೋಡಿ ತಂತಿ ಪ್ರತಿಯೊಂದು ಪತ್ತೆಕಾರಿಯನ್ನು ಹೊಕ್ಕು ಹೊರಟು, ಕೊನೆಯಲ್ಲಿ ಒಂದು ರೋಧಕದಲ್ಲಿ ಮುಗಿಯುತ್ತದೆ. ಅದರಲ್ಲಿ ಸದಾ ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತಿರುತ್ತದೆ. ತಂತಿ ತುಂಡಾದರೆ ಪ್ರವಾಹ ನಿಂತು ಫಲಕವು ದೋಷವನ್ನು ಸೂಚಿಸುತ್ತದೆ. ಹೊಗೆ ಕಂಡ ಪತ್ತೆಕಾರಿ ಹೆಚ್ಚು ಪ್ರವಾಹವನ್ನು ಸೆಳೆದಾಗ ಅದನ್ನು ಬೆಂಕಿಯೆಂದು ಗುರುತಿಸುತ್ತದೆ. ನಡುವೆ ಕವಲು ತೆಗೆದು ಪತ್ತೆಕಾರಿಯನ್ನು ಜೋಡಿಸಿದರೆ, ಆ ಕವಲಿನ ತಂತಿ ತುಂಡಾದದ್ದು ಫಲಕಕ್ಕೆ ತಿಳಿಯುವುದೇ ಇಲ್ಲ. ಆದ್ದರಿಂದ ಇಂತಹ ಜೋಡಣೆಗೆ ಅವಕಾಶವಿಲ್ಲ.

ವೈಯಕ್ತಿಕ ಜೀವನ ಮತ್ತು ನಿಧನ

1872–73ರಲ್ಲಿ ಅಮೆರಿಕದಲ್ಲಿ ಉಪನ್ಯಾಸ ಪ್ರವಾಸ ಕೈಗೊಂಡ ಟಿಂಡಾಲರು ಅದರಿಂದ ಉಳಿದ ಹಣವನ್ನು ಅಲ್ಲಿನ ವಿಜ್ಞಾನ ಶಿಕ್ಷಣಕ್ಕೇ ದಾನ ಮಾಡಿದರು. 1876ರಲ್ಲಿ ಲೂಯಿಸಾ ಹ್ಯಾಮಿಲ್ಟನ್ ಅವರನ್ನು ವಿವಾಹವಾದರು. ದಂಪತಿಗೆ ಮಕ್ಕಳಿರಲಿಲ್ಲ. ಕೊನೆಯ ವರ್ಷಗಳಲ್ಲಿ ನಿದ್ರಾಹೀನತೆಯಿಂದ ಬಳಲಿದ ಅವರು ಕ್ಲೋರಲ್ ಹೈಡ್ರೇಟ್ ಔಷಧಿಯನ್ನು ಸೇವಿಸುತ್ತಿದ್ದರು. 4 ಡಿಸೆಂಬರ್ 1893ರಂದು ಪತ್ನಿ ಮೆಗ್ನೀಷಿಯಾ ಎಂದು ಭಾವಿಸಿ ಆಕಸ್ಮಿಕವಾಗಿ ಅದೇ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ನೀಡಿದ್ದರಿಂದ ಅವರು ನಿಧನರಾದರು. ಇಂಗ್ಲೆಂಡಿನ ಹ್ಯಾಸಲ್‌ಮಿಯರ್‌ನಲ್ಲಿ ಅವರ ಸಮಾಧಿಯಿದೆ. ಲೂಯಿಸಾ ಮುಂದಿನ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಪತಿಯ ಪತ್ರಗಳನ್ನೂ ಬರಹಗಳನ್ನೂ ಸಂಗ್ರಹಿಸಿದರು. ಟಿಂಡಾಲರ ಸಮಗ್ರ ಜೀವನಚರಿತ್ರೆ ಪ್ರಕಟವಾದದ್ದು ಲೂಯಿಸಾ ಅವರ ಮರಣಾನಂತರ, 1945ರಲ್ಲಿ.